ಧ್ರುವಯಾನ, ಪರ್ವತಾರೋಹಣ ಮತ್ತು ವ್ಯಾಪಾರಿಯ ಸಂಯಮ

ವಸ್ತುವನ್ನು ಮಾರುವ ವ್ಯಾಪಾರಕ್ಕೂ ಸೇವೆಯನ್ನು ಮಾರುವ ವ್ಯಾಪಾರಕ್ಕೂ ಇರುವ ಅಂತರ ವಾಣಿಜ್ಯೋದ್ಯಮಿಗಳಿಗೆ ಹೊಸ ವಿಷಯವಲ್ಲ. ಕೊಂಡ ವಸ್ತು ಸರಿಯಿಲ್ಲದಿದ್ದರೆ ಗ್ರಾಹಕನು ಅದನ್ನು ಹಿಂದಿರುಗಿಸಬಹುದು. ಕೊಂಡ ಸೇವೆ ಸರಿಯಿಲ್ಲದಿದ್ದರೆ ಹಣವನ್ನು ಹಿಂದಕ್ಕೆ ಪಡೆಯಬಹುದೇ ಹೊರತು ಕಳೆದುಹೋದ ಸಮಯವನ್ನು ಪಡೆಯಲಾಗದು. ಇನ್ನು ಕೆಲವು ಸೇವೆಗಳಲ್ಲಿ ಗ್ರಾಹಕನು ಹಣದೊಂದಿಗೆ ತನ್ನ ಪ್ರಾಣವನ್ನೂ ಮಾರಾಟಗಾರನ ಕೈಗೆ ಒಪ್ಪಿಸಿರುತ್ತಾನೆ. ಅಂಟಾರ್ಕ್ಟಿಕಕ್ಕೆ ಹೋಗುವ ಸಾಹಸಯಾನದ ಹಡಗುಗಳು ಇತ್ತೀಚಿನ ವರ್ಷಗಳಲ್ಲಿ ತಮ್ಮ ಪ್ರಯಾಣಿಕರಿಗೆ ಒದಗಿಸುತ್ತಿರುವ ಪರ್ವತಾರೋಹಣದ ಅವಕಾಶ ಇಂಥ ಸೇವೆಗಳ ಪೈಕಿ ಒಂದು. ಹಿಂದೆಂದೂ ಹಿಮವನ್ನು ತುಳಿಯದ ವ್ಯಕ್ತಿಯೂ ನುರಿತ ಮಾರ್ಗದರ್ಶಿಯ ಹಗ್ಗಕ್ಕೆ ತನ್ನನ್ನು ಕಟ್ಟಿಕೊಂಡು, ಭೂಮಿಯ ದಕ್ಷಿಣದ ತುದಿಯಲ್ಲಿ ಒಂದು ಸಣ್ಣ ಶಿಖರವನ್ನು ಏರಿ ಇಳಿದು ಬರಬಹುದು.

ಇದು ಕೇವಲ ಸಿರಿವಂತರ ವಿನೋದವೆಂದು ಬದಿಗೆ ಸರಿಸುವುದು ಸುಲಭ. ಆದರೆ ಈ ವ್ಯಾಪಾರ ನಡೆಯುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಿದರೆ, ಊರಿನ ಮಾರುಕಟ್ಟೆಯ ವರ್ತಕನಿಗೂ ಕೈಗಾರಿಕಾ ವಸಾಹತಿನ ಸಣ್ಣ ತಯಾರಕನಿಗೂ ನೇರವಾಗಿ ಸಂಬಂಧಿಸಿದ ಒಂದು ಪ್ರಶ್ನೆ ಅದರೊಳಗೆ ಕಾಣಿಸುತ್ತದೆ. ವ್ಯಾಪಾರವು ತನಗೆ ತಾನೇ ಮಿತಿ ಹಾಕಿಕೊಳ್ಳಬೇಕೆ? ಹಾಕಿಕೊಂಡರೆ ಅಷ್ಟು ಸಾಕೆ?

ಸೇವೆಯ ಸ್ವರೂಪ

ಅಂಟಾರ್ಕ್ಟಿಕ ಯಾನದ ಬಹುಪಾಲು ಹಡಗುಗಳು ಹೊರಡುವುದು ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯ ಬಂದರಿನಿಂದ. ಅಲ್ಲಿಂದ ಡ್ರೇಕ್ ಜಲಸಂಧಿಯನ್ನು ದಾಟಿ ಅಂಟಾರ್ಕ್ಟಿಕ ಪರ್ಯಾಯದ್ವೀಪವನ್ನು ತಲುಪಲು ಸುಮಾರು 2 ದಿನ ಬೇಕು. ಋತು ನವೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ. ವರ್ಷದಲ್ಲಿ ಐದು ತಿಂಗಳಷ್ಟೇ ತೆರೆದಿರುವ ಈ ಅಂಗಡಿಯಲ್ಲಿ ವ್ಯಾಪಾರದ ಒಂದೊಂದು ದಿನಕ್ಕೂ ಎಷ್ಟು ಬೆಲೆಯಿದೆಯೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರವಾಸಿಗರನ್ನು ಈ ಖಂಡಕ್ಕೆ ಕರೆದೊಯ್ಯುವ ಇಂದಿನ ಪದ್ಧತಿಯನ್ನು ಆರಂಭಿಸಿದವರು ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್. 1966ರಲ್ಲಿ ಅವರು ಅರ್ಜೆಂಟೀನಾ ನೌಕಾಪಡೆಯ ಹಡಗೊಂದನ್ನು ಬಾಡಿಗೆಗೆ ಪಡೆದು ಪ್ರಯಾಣಿಕರನ್ನು ಕರೆದೊಯ್ದರು. ಮೂರು ವರ್ಷಗಳ ಬಳಿಕ ಇದಕ್ಕೆಂದೇ ಕಟ್ಟಿಸಿದ ಹಡಗು ನೀರಿಗಿಳಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ, ಹಿಮವನ್ನು ತಾಳಬಲ್ಲ ಗಟ್ಟಿ ಒಡಲಿನ ಅಲ್ಲಿಯ ಸಂಶೋಧನಾ ನೌಕೆಗಳು ಕೆಲಸವಿಲ್ಲದೆ ನಿಂತವು. ಅವುಗಳನ್ನು ಬಾಡಿಗೆಗೆ ಪಡೆದ ಸಣ್ಣ ಸಂಸ್ಥೆಗಳು ಈ ವ್ಯಾಪಾರವನ್ನು ಬೆಳೆಸಿದವು. ಇಂದು ಹೊಸ ಹಡಗುಗಳು ಬಂದಿದ್ದರೂ, ನೂರಿನ್ನೂರು ಮಂದಿಯ ಸಣ್ಣ ಹಡಗು, ದಡಕ್ಕೆ ಒಯ್ಯುವ ರಬ್ಬರ್ ದೋಣಿ, ತಜ್ಞರ ತಂಡ ಎಂಬ ಆ ಹಳೆಯ ಮಾದರಿ ಬದಲಾಗಿಲ್ಲ.

ಪರ್ವತಾರೋಹಣವನ್ನು ಒಳಗೊಂಡ ಯಾನಗಳಲ್ಲಿ ಹಡಗೇ ಶಿಬಿರದ ನೆಲೆ. ರಾತ್ರಿಯೂಟದ ಹೊತ್ತಿಗೆ ಮರುದಿನದ ಆರೋಹಣಕ್ಕೆ ಹೆಸರು ನೋಂದಾಯಿಸಲಾಗುತ್ತದೆ. ಶಿರಸ್ತ್ರಾಣ, ಸೊಂಟಕ್ಕೆ ಬಿಗಿಯುವ ಹಾರ್ನೆಸ್, ಐಸ್ ಕೊಡಲಿ, ಬೂಟಿನ ತಳಕ್ಕೆ ಕಟ್ಟುವ ಉಕ್ಕಿನ ಮುಳ್ಳುಗಳಾದ ಕ್ರ್ಯಾಂಪಾನುಗಳನ್ನು ಪ್ರತಿಯೊಬ್ಬರ ಅಳತೆಗೆ ಸರಿಹೊಂದಿಸಿ ಕೊಡಲಾಗುತ್ತದೆ. ಒಬ್ಬ ಮಾರ್ಗದರ್ಶಿಗೆ ಸಾಮಾನ್ಯವಾಗಿ ಐದಾರು ಮಂದಿ. ಕೆಲವು ಮೀಟರುಗಳ ಅಂತರದಲ್ಲಿ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುತ್ತಾರೆ. ಹಿಮನದಿಯ ಮೇಲ್ಮೈ ಸಮತಟ್ಟಾಗಿ ಕಂಡರೂ ಅದರಡಿಯಲ್ಲಿ ಆಳವಾದ ಬಿರುಕುಗಳಿರುತ್ತವೆ. ಹೊಸ ಹಿಮವು ಅವುಗಳ ಬಾಯಿಯನ್ನು ಮುಚ್ಚಿರುತ್ತದೆ. ಒಬ್ಬನ ಕಾಲು ಕುಸಿದರೆ ಉಳಿದವರ ಭಾರವೇ ಅವನನ್ನು ಹಿಡಿದು ನಿಲ್ಲಿಸುತ್ತದೆ. ಆದುದರಿಂದ ಹಗ್ಗವನ್ನು ಸಡಿಲ ಬಿಡದೆ, ಮುಂದಿನವನ ಹೆಜ್ಜೆಯ ವೇಗಕ್ಕೆ ತನ್ನ ಹೆಜ್ಜೆಯನ್ನು ಹೊಂದಿಸಿಕೊಂಡು ನಡೆಯುವುದೇ ಹೊಸಬನಿಗೆ ಕಲಿಸುವ ಮೊದಲ ಪಾಠ.

ಏರುವ ಶಿಖರಗಳು ಎತ್ತರದಲ್ಲಿ ದೊಡ್ಡವಲ್ಲ. ಪೋರ್ಟ್ ಲಾಕ್ರಾಯ್ ಎಂಬ ಹಳೆಯ ಬ್ರಿಟಿಷ್ ಠಾಣೆಯ ಸಮೀಪದ ಜಾಬೆ ಶಿಖರದ ಎತ್ತರ 545 ಮೀಟರ್. ಕೊಡಗಿನ ಅಥವಾ ಚಿಕ್ಕಮಗಳೂರಿನ ಬೆಟ್ಟಗಳನ್ನು ಕಂಡವರಿಗೆ ಈ ಅಂಕಿ ಅಲ್ಪವೆನಿಸಬಹುದು. ಆದರೆ ಅಲ್ಲಿ ಏರಿಕೆ ಆರಂಭವಾಗುವುದು ಸಮುದ್ರದ ಮಟ್ಟದಿಂದಲೇ. ಹಿಮವೂ ಅಲ್ಲಿಂದಲೇ ಆರಂಭವಾಗುತ್ತದೆ. ಸಮೀಪದಲ್ಲಿ ಆಸ್ಪತ್ರೆಯಿಲ್ಲ, ರಸ್ತೆಯಿಲ್ಲ. ಕಾಲು ಮುರಿದವನನ್ನು ಹಗ್ಗದಿಂದ ಇಳಿಸಿ, ದೋಣಿಯಲ್ಲಿ ಹಡಗಿಗೆ ತಂದು, ಅದೇ ಡ್ರೇಕ್ ಜಲಸಂಧಿಯನ್ನು ದಾಟಿಸಬೇಕು. ಗಾಳಿಯ ದಿಕ್ಕು ಬದಲಾದರೆ ತೇಲುವ ಹಿಮಗಡ್ಡೆಗಳು ಬಂದು ದೋಣಿಯ ದಾರಿಯನ್ನು ಮುಚ್ಚಿಬಿಡಬಹುದು.

ಮಾರುತ್ತಿರುವುದು ಏನನ್ನು?

ಈ ಸೇವೆಯಲ್ಲಿ ಗ್ರಾಹಕನು ಕೊಳ್ಳುತ್ತಿರುವ ಸರಕು ಶಿಖರವೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಶಿಖರವು ಯಾರ ಸ್ವತ್ತೂ ಅಲ್ಲ. ಹಗ್ಗ, ಕೊಡಲಿಗಳನ್ನು ಯಾರು ಬೇಕಾದರೂ ಬಾಡಿಗೆಗೆ ಕೊಡಬಹುದು. ನಿಜವಾಗಿ ಮಾರಾಟವಾಗುತ್ತಿರುವುದು ಮಾರ್ಗದರ್ಶಿಯ ವಿವೇಚನೆ. ಆ ವಿವೇಚನೆಯ ಅತಿ ಮುಖ್ಯ ಭಾಗ ‘ಇಂದು ಬೇಡ’ ಎನ್ನುವ ಅಧಿಕಾರ. ಮೋಡ ಇಳಿದಾಗ, ಹಿಮ ಮೆತ್ತಗಾದಾಗ, ಗುಂಪಿನಲ್ಲಿ ಒಬ್ಬನ ಉಸಿರು ಹದ ತಪ್ಪಿದಾಗ, ತುದಿ ಕಣ್ಣೆದುರೇ ಇದ್ದರೂ ಆತ ಗುಂಪನ್ನು ಹಿಂದಕ್ಕೆ ತಿರುಗಿಸುತ್ತಾನೆ. ಈ ವೃತ್ತಿಯ ಅಂತರರಾಷ್ಟ್ರೀಯ ಒಕ್ಕೂಟ 1965ರಲ್ಲಿ ಸ್ಥಾಪನೆಯಾಯಿತು. ಅದರ ಅರ್ಹತಾ ಪದಕವನ್ನು ಪಡೆಯಲು ವರ್ಷಗಟ್ಟಲೆ ತರಬೇತಿ ಮತ್ತು ಪರೀಕ್ಷೆಗಳು ಬೇಕಾಗುತ್ತವೆ. ಗ್ರಾಹಕನು ಹಣ ಕೊಡುವುದು ಆ ವರ್ಷಗಳಿಗೆ.

ಇಲ್ಲಿ ಬೆಲೆ ನಿಗದಿಯ ಒಂದು ಸೂಕ್ಷ್ಮ ಅಡಗಿದೆ. ಕೆಲವು ಸಂಸ್ಥೆಗಳು ಆರೋಹಣದ ವೆಚ್ಚವನ್ನು ಯಾನದ ಒಟ್ಟು ದರದಲ್ಲಿಯೇ ಸೇರಿಸುತ್ತವೆ. ಇನ್ನು ಕೆಲವು ಅದಕ್ಕೆ ಪ್ರತ್ಯೇಕ ಶುಲ್ಕ ವಿಧಿಸುತ್ತವೆ. ಲೆಕ್ಕಪತ್ರದಲ್ಲಿ ಇವೆರಡರ ವ್ಯತ್ಯಾಸ ಅಲ್ಪವಾಗಿ ಕಂಡರೂ ಪರ್ವತದ ಮೇಲೆ ಅದು ಅಲ್ಪವಲ್ಲ. ಶುಲ್ಕ ಪ್ರತ್ಯೇಕವಾಗಿದ್ದರೆ, ಆರೋಹಣ ರದ್ದಾದಾಗ ಹಣ ಮರಳಿಸುವ ಪ್ರಶ್ನೆ ಏಳುತ್ತದೆ. ಕೊಟ್ಟ ಹಣಕ್ಕೆ ತಕ್ಕ ಫಲ ಬೇಕೆಂದು ಗ್ರಾಹಕನು ಒತ್ತಾಯಿಸುತ್ತಾನೆ, ಮಾರಾಟಗಾರನಿಗೂ ಆ ಆದಾಯವನ್ನು ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಎರಡೂ ಒತ್ತಡಗಳು ಬಂದು ಬೀಳುವುದು ಹಗ್ಗದ ಮುಂತುದಿಯಲ್ಲಿ ನಿಂತ ಮಾರ್ಗದರ್ಶಿಯ ಹೆಗಲ ಮೇಲೆ. ವೆಚ್ಚ ಒಟ್ಟು ದರದಲ್ಲಿ ಸೇರಿದ್ದರೆ ‘ಇಂದು ಬೇಡ’ ಎಂಬ ಮಾತಿನಿಂದ ಯಾರ ಜೇಬಿಗೂ ನೇರವಾದ ನಷ್ಟವಿಲ್ಲ. ಸುರಕ್ಷತೆ ಕೇವಲ ಸಲಕರಣೆಯಿಂದ ಬರುವುದಿಲ್ಲ, ದರಪಟ್ಟಿಯನ್ನು ಬರೆಯುವ ಕ್ರಮದಿಂದಲೂ ಬರುತ್ತದೆ. ಕಾರ್ಮಿಕನಿಗೆ ತುಂಡಿನ ಲೆಕ್ಕದಲ್ಲಿ ಕೂಲಿ ಕೊಡುವ ತಯಾರಕನು, ಯಂತ್ರದ ರಕ್ಷಣಾ ಕವಚವನ್ನು ತೆಗೆದಿಟ್ಟು ಕೆಲಸ ಮಾಡುವ ಕಾರ್ಮಿಕನನ್ನು ಬೈಯುವ ಮೊದಲು ಈ ಅಂಶವನ್ನು ನೆನೆಯುವುದು ಒಳಿತು.

ಕರಾರಿನ ಭಾಷೆಯೂ ಗಮನಾರ್ಹ. ಯಾನದ ಮಾರ್ಗ, ಇಳಿಯುವ ತಾಣ, ಆರೋಹಣ, ಇವೆಲ್ಲ ಹವೆ ಮತ್ತು ಹಿಮದ ಸ್ಥಿತಿಗೆ ಒಳಪಟ್ಟಿವೆಯೆಂದೂ ಕಪ್ತಾನ ಮತ್ತು ಯಾನದ ನಾಯಕನ ತೀರ್ಮಾನವೇ ಅಂತಿಮವೆಂದೂ ಮೊದಲೇ ತಿಳಿಸಲಾಗಿರುತ್ತದೆ. ಹಲವು ಲಕ್ಷ ರೂಪಾಯಿಗಳ ಸೇವೆಯನ್ನು ಯಾವ ಶಿಖರದ ಭರವಸೆಯನ್ನೂ ಕೊಡದೆ ಮಾರಲು ಸಾಧ್ಯವಾಗಿದೆ. ಕೊಡಲಾಗದ ಭರವಸೆಯನ್ನು ಕೊಡದಿರುವುದೇ ಇಲ್ಲಿ ವಿಶ್ವಾಸದ ಬಂಡವಾಳ. ಇಂಥ ಯಾನಗಳನ್ನು ಮಾರುವ ಭಾರತದ ಪ್ರವಾಸ ಸಂಸ್ಥೆಗಳೂ ಈ ಷರತ್ತುಗಳನ್ನು ಸಣ್ಣ ಅಕ್ಷರದಲ್ಲಿ ಅಡಗಿಸದೆ ಗ್ರಾಹಕನಿಗೆ ಮೊದಲೇ ಓದಿ ಹೇಳಿದರೆ, ಮುಂದೆ ಬರಬಹುದಾದ ಅರ್ಧದಷ್ಟು ತಕರಾರುಗಳು ಹುಟ್ಟುವುದೇ ಇಲ್ಲ.

ಸಲಕರಣೆಯ ಹಿಂದಿನ ಕಮ್ಮಾರಸಾಲೆ

ಸಣ್ಣ ತಯಾರಕರು ವಿಶೇಷವಾಗಿ ಗಮನಿಸಬೇಕಾದ ಮತ್ತೊಂದು ಮುಖ ಈ ವ್ಯಾಪಾರಕ್ಕಿದೆ. 1916ರಲ್ಲಿ ಅರ್ನೆಸ್ಟ್ ಶ್ಯಾಕಲ್‌ಟನ್ ಮತ್ತು ಅವರ ಇಬ್ಬರು ಸಂಗಡಿಗರು ದಕ್ಷಿಣ ಜಾರ್ಜಿಯಾ ದ್ವೀಪದ ಹಿಮಪರ್ವತಗಳನ್ನು ದಾಟಿ ಸುಮಾರು 36 ಗಂಟೆಗಳಲ್ಲಿ ಸ್ಟ್ರೋಮ್‌ನೆಸ್ ಎಂಬ ತಿಮಿಂಗಿಲ ಕೇಂದ್ರವನ್ನು ತಲುಪಿದ ಸಂಗತಿ ಪ್ರಸಿದ್ಧ. ಹಿಮದ ಮೇಲೆ ಕಾಲು ಜಾರದಿರಲೆಂದು ಅವರು ತಮ್ಮ ದೋಣಿಯಿಂದ ಬಿಚ್ಚಿದ ತಿರುಪು ಮೊಳೆಗಳನ್ನು ಬೂಟಿನ ತಳಕ್ಕೆ ಹಾಕಿಕೊಂಡಿದ್ದರು. ಐಸ್ ಕೊಡಲಿಯ ಬದಲು ಬಡಗಿಯ ಬಾಚಿಯೊಂದು ಅವರ ಕೈಯಲ್ಲಿತ್ತು. ಇಂದು ಆ ದ್ವೀಪಕ್ಕೆ ಹೋಗುವ ಪ್ರಯಾಣಿಕರು ಆ ದಾರಿಯ ಕೊನೆಯ ಕೆಲವು ಕಿಲೋಮೀಟರುಗಳನ್ನು ಮಾರ್ಗದರ್ಶಿಯೊಡನೆ ನಡೆದು ಬರುತ್ತಾರೆ.

ಆ ತಿರುಪು ಮೊಳೆಗಳಿಗೂ ಇಂದಿನ ಕ್ರ್ಯಾಂಪಾನಿಗೂ ನಡುವಿನ ಅಂತರವನ್ನು ತುಂಬಿದವರು ಸಣ್ಣ ಕಸುಬುದಾರರು. ಇಟಲಿಯ ಕೂರ್ಮಾಯೂರ್ ಎಂಬ ಪರ್ವತಗ್ರಾಮದಲ್ಲಿ ಗ್ರಿವೆಲ್ ಮನೆತನದವರು 1818ರಿಂದ ಕಮ್ಮಾರಸಾಲೆ ನಡೆಸುತ್ತಿದ್ದರು, ರೈತರಿಗೆ ಬೇಕಾದ ಉಪಕರಣಗಳನ್ನು ಮಾಡುತ್ತಿದ್ದರು. 20ನೇ ಶತಮಾನದ ಆರಂಭದಲ್ಲಿ ಆಸ್ಕರ್ ಎಕೆನ್‌ಸ್ಟೈನ್ ಎಂಬ ಬ್ರಿಟಿಷ್ ಎಂಜಿನಿಯರ್ ರೂಪಿಸಿದ ಹತ್ತು ಮುಳ್ಳುಗಳ ಕ್ರ್ಯಾಂಪಾನನ್ನು ಹೆನ್ರಿ ಗ್ರಿವೆಲ್ ತಯಾರಿಸಿದರು. ಮುಂದೆ ಅವರ ಮಗ ಲಾರೆಂಟ್ ಮುಂಭಾಗಕ್ಕೆ ಎರಡು ಮುಳ್ಳುಗಳನ್ನು ಸೇರಿಸಿದಾಗ, ಕಡಿದಾದ ಹಿಮದ ಗೋಡೆಯನ್ನು ನೇರವಾಗಿ ಏರುವುದು ಸಾಧ್ಯವಾಯಿತು. ಜರ್ಮನಿಯ ಇಸ್ನಿ ಪಟ್ಟಣದ ಎಡೆಲ್‌ರಿಡ್ 1863ರಲ್ಲಿ ಹೆಣೆದ ದಾರ, ಲಾಡಿಗಳನ್ನು ಮಾಡುತ್ತ ಆರಂಭವಾದ ಸಂಸ್ಥೆ. 1953ರಲ್ಲಿ ಅದು ಒಳಗೆ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ ಇರುವ ಹಗ್ಗವನ್ನು ಹೊರತಂದಿತು. ಇಂದಿನ ಆರೋಹಣದ ಹಗ್ಗಗಳೆಲ್ಲ ಆ ಮಾದರಿಯವು. ಸ್ವಿಟ್ಜರ್‌ಲೆಂಡಿನ ಮಮ್ಮುಟ್ ಕೂಡ 1862ರಲ್ಲಿ ರೈತರಿಗೆ ಹಗ್ಗ ಹೊಸೆಯುವ ಕಸುಬಿನಿಂದ ಬೆಳೆದದ್ದು.

ಈ ಮನೆತನಗಳು ತಮಗೆ ತಿಳಿದಿದ್ದ ಉಕ್ಕಿನ ಹದವನ್ನೋ ದಾರದ ಹೆಣಿಗೆಯನ್ನೋ ಬಿಟ್ಟು ಬೇರೆ ಉದ್ಯಮಕ್ಕೆ ಹಾರಲಿಲ್ಲ. ಅದೇ ಕಸುಬನ್ನು ಹೊಸ ಗ್ರಾಹಕನ ಅಗತ್ಯಕ್ಕೆ ಬಗ್ಗಿಸಿದವು. ಅಷ್ಟೇ ಮುಖ್ಯವಾಗಿ, ತಮ್ಮ ಸರಕನ್ನು ಹೊರಗಿನ ಪರೀಕ್ಷೆಗೆ ಒಡ್ಡಿದವು. ಹಗ್ಗ ಎಷ್ಟು ಬೀಳುಗಳನ್ನು ತಾಳುತ್ತದೆ, ಎಷ್ಟು ಎಳೆತಕ್ಕೆ ಎಷ್ಟು ಹಿಗ್ಗುತ್ತದೆ ಎಂಬುದನ್ನು ಸ್ವತಂತ್ರ ಪ್ರಯೋಗಾಲಯದಲ್ಲಿ ಅಳೆದು ಮುದ್ರೆ ಒತ್ತುವ ಪದ್ಧತಿ ಈ ಉದ್ಯಮದಲ್ಲಿ 1960ರ ದಶಕದಿಂದಲೇ ಇದೆ. ಪರೀಕ್ಷೆಯ ಮುದ್ರೆಯನ್ನು ಖರ್ಚಿನ ಬಾಬ್ತೆಂದು ಎಣಿಸುವ ತಯಾರಕನಿಗೂ ಮಾರುಕಟ್ಟೆಯ ಬಾಗಿಲೆಂದು ಎಣಿಸುವ ತಯಾರಕನಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಪೈಪೋಟಿದಾರರ ಒಕ್ಕೂಟ

ಅಂಟಾರ್ಕ್ಟಿಕಕ್ಕೆ ಸರ್ಕಾರವಿಲ್ಲ. 1959ರಲ್ಲಿ ಸಹಿಯಾಗಿ 1961ರಲ್ಲಿ ಜಾರಿಗೆ ಬಂದ ಒಪ್ಪಂದದ ಅಡಿಯಲ್ಲಿ ರಾಷ್ಟ್ರಗಳು ಒಮ್ಮತದಿಂದ ನಿರ್ಣಯ ಕೈಗೊಳ್ಳುತ್ತವೆ. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿಯಾದ ಪರಿಸರ ಶಿಷ್ಟಾಚಾರ 1998ರಲ್ಲಿ ಜಾರಿಗೆ ಬಂದಿತು. ಆದರೆ ಪ್ರವಾಸಿ ಹಡಗುಗಳು ದಿನನಿತ್ಯ ಹೇಗೆ ನಡೆದುಕೊಳ್ಳಬೇಕೆಂಬ ವಿವರಗಳಿಗೆ ರಾಷ್ಟ್ರಗಳ ಒಮ್ಮತ ದೊರೆಯುವುದು ನಿಧಾನ. ವ್ಯಾಪಾರಿಗಳು ಅದಕ್ಕಾಗಿ ಕಾಯಲಿಲ್ಲ. 1991ರಲ್ಲಿಯೇ 7 ಯಾನ ಸಂಸ್ಥೆಗಳು ಸೇರಿ ಅಂಟಾರ್ಕ್ಟಿಕ ಪ್ರವಾಸ ನಿರ್ವಾಹಕರ ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದವು. ಇಂದು ಅದರ ಸದಸ್ಯರ ಸಂಖ್ಯೆ ನೂರನ್ನು ಮೀರಿದೆ.

ಈ ಸಂಘದ ನಿಯಮಗಳು ಸರಳವಾಗಿವೆ. ಒಂದು ತಾಣದಲ್ಲಿ ಒಂದು ಹೊತ್ತಿಗೆ 100ಕ್ಕಿಂತ ಹೆಚ್ಚು ಪ್ರಯಾಣಿಕರು ದಡದ ಮೇಲಿರಬಾರದು. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ದಡಕ್ಕೆ ಇಳಿಸಬಾರದು. ಒಂದು ತಾಣದಲ್ಲಿ ಒಂದೇ ಹಡಗು ಇರಬೇಕು. ಯಾವ ಹಡಗು ಯಾವ ದಿನ ಎಲ್ಲಿರುತ್ತದೆಂಬುದನ್ನು ಪೈಪೋಟಿಯಲ್ಲಿರುವ ಸಂಸ್ಥೆಗಳು ಋತುವಿಗೆ ಮೊದಲೇ ಒಂದು ಸಾಮಾನ್ಯ ವೇಳಾಪಟ್ಟಿಯಲ್ಲಿ ದಾಖಲಿಸುತ್ತವೆ. ಪೆಂಗ್ವಿನ್ ಮೊದಲಾದ ಜೀವಿಗಳಿಂದ ಕನಿಷ್ಠ 5 ಮೀಟರ್ ದೂರ ನಿಲ್ಲಬೇಕು. ಇಳಿಯುವ ಮೊದಲೂ ಮರಳಿದ ಬಳಿಕವೂ ಬೂಟುಗಳನ್ನು ಸೋಂಕುನಾಶಕದಲ್ಲಿ ತೊಳೆಯಬೇಕು, ಬಟ್ಟೆಗೆ ಅಂಟಿದ ಬೀಜಗಳನ್ನು ಹೆಕ್ಕಿ ತೆಗೆಯಬೇಕು. 2023ರ ಅಕ್ಟೋಬರಿನಲ್ಲಿ ದಕ್ಷಿಣ ಜಾರ್ಜಿಯಾದಲ್ಲಿಯೂ 2024ರ ಫೆಬ್ರವರಿಯಲ್ಲಿ ಖಂಡದ ನೆಲದಲ್ಲಿಯೂ ಹಕ್ಕಿಜ್ವರ ದೃಢಪಟ್ಟ ಮೇಲೆ ಈ ಶಿಸ್ತಿನ ಬೆಲೆ ಇನ್ನಷ್ಟು ಅರಿವಿಗೆ ಬಂದಿದೆ. ಪರ್ವತಾರೋಹಿಯ ಹಗ್ಗ, ಕ್ರ್ಯಾಂಪಾನುಗಳೂ ಈ ಶುಚಿಯ ನಿಯಮದಿಂದ ಹೊರತಲ್ಲ.

ದಡದ ಮೇಲಿನ ಜನಸಂಖ್ಯೆ ಮತ್ತು ದೊಡ್ಡ ಹಡಗುಗಳನ್ನು ಕುರಿತ ಮಿತಿಗಳನ್ನು ಒಪ್ಪಂದದ ರಾಷ್ಟ್ರಗಳು 2009ರಲ್ಲಿ ಅಂಗೀಕರಿಸಿದವು. ಅಂದರೆ ವ್ಯಾಪಾರಿಗಳು ಮೊದಲು ನಡೆದು ತೋರಿಸಿದ ದಾರಿಯಲ್ಲಿ ಕಾನೂನು ಆಮೇಲೆ ಹೆಜ್ಜೆಯಿಟ್ಟಿತು. ಸಂಘದ ಮಹತ್ವ ಸಂಕಟದ ಹೊತ್ತಿನಲ್ಲಿಯೂ ತಿಳಿದುಬಂದಿದೆ. ಲಿಂಡ್‌ಬ್ಲಾಡ್ ಕಟ್ಟಿಸಿದ್ದ ಹಳೆಯ ಹಡಗು ‘ಎಕ್ಸ್‌ಪ್ಲೋರರ್’ 2007ರ ನವೆಂಬರ್ 23ರಂದು ಹಿಮಕ್ಕೆ ತಗುಲಿ ಮುಳುಗಿತು. ಅದರಲ್ಲಿದ್ದ 154 ಮಂದಿಯೂ ಜೀವರಕ್ಷಕ ದೋಣಿಗಳಲ್ಲಿ ಗಂಟೆಗಟ್ಟಲೆ ಕಾದು ಬದುಕುಳಿದರು. ಅವರನ್ನು ಹತ್ತಿಸಿಕೊಂಡದ್ದು ಅದೇ ವ್ಯಾಪಾರದ ಮತ್ತೊಂದು ಪ್ರವಾಸಿ ಹಡಗು. ಪೈಪೋಟಿದಾರನು ಎಲ್ಲಿದ್ದಾನೆಂದು ತಿಳಿದಿರುವುದು ಅಲ್ಲಿ ಲಾಭದ ಪ್ರಶ್ನೆಯಲ್ಲ, ಉಳಿವಿನ ಪ್ರಶ್ನೆ. ಅಪಾಯವೇನೂ ಅಳಿದಿಲ್ಲ. 2022ರ ನವೆಂಬರಿನಲ್ಲಿ ರಬ್ಬರ್ ದೋಣಿಯ ಅವಘಡವೊಂದರಲ್ಲಿ ಇಬ್ಬರು ಪ್ರಯಾಣಿಕರು ಪ್ರಾಣ ಕಳೆದುಕೊಂಡರು.

ಅದೇ ಕಡಲಿನ ಹಳೆಯ ಲೆಕ್ಕ

ಸ್ವಯಂ ನಿಯಂತ್ರಣವನ್ನು ಹೊಗಳಿ ಲೇಖನಿಯನ್ನು ಕೆಳಗಿಡುವುದು ಸುಲಭ. ಆದರೆ ಇದೇ ಕಡಲಿನಲ್ಲಿ ಹಿಂದೆ ನಡೆದ ಮತ್ತೊಂದು ವ್ಯಾಪಾರ ಬೇರೆಯ ಎಚ್ಚರಿಕೆಯನ್ನು ಕೊಡುತ್ತದೆ. ಇಂದು ಪ್ರವಾಸಿಗರು ಇಳಿಯುವ ನೇಕೋ ಹಾರ್ಬರ್ ಎಂಬ ಸುಂದರ ಕೊಲ್ಲಿಗೆ ಆ ಹೆಸರು ಬಂದದ್ದು ಶತಮಾನದ ಹಿಂದೆ ಅಲ್ಲಿ ದುಡಿದ ತಿಮಿಂಗಿಲ ಬೇಟೆಯ ಹಡಗಿನಿಂದ. ಡಿಸೆಪ್ಷನ್ ದ್ವೀಪದಲ್ಲಿ 1912ರಿಂದ 1931ರವರೆಗೆ ಎಣ್ಣೆ ಕಾಯಿಸುವ ಕೇಂದ್ರವಿತ್ತು. ದಕ್ಷಿಣ ಜಾರ್ಜಿಯಾದಲ್ಲಿ 1904ರಿಂದ 1960ರ ದಶಕದ ಮಧ್ಯಭಾಗದವರೆಗೆ ಸುಮಾರು ಒಂದೂಮುಕ್ಕಾಲು ಲಕ್ಷ ತಿಮಿಂಗಿಲಗಳನ್ನು ಕೊಂದು ಎಣ್ಣೆ ತೆಗೆಯಲಾಯಿತು.

ಆ ವ್ಯಾಪಾರಕ್ಕೂ ಮಿತಿಯಿತ್ತೆಂಬುದನ್ನು ಹಲವರು ಮರೆಯುತ್ತಾರೆ. ಎರಡನೆಯ ಮಹಾಯುದ್ಧದ ಬಳಿಕ ಒಂದು ಋತುವಿಗೆ ಒಟ್ಟು 16,000 ‘ನೀಲಿ ತಿಮಿಂಗಿಲ ಘಟಕ’ಗಳೆಂಬ ಮೇರೆಯನ್ನು ನಿಗದಿಪಡಿಸಲಾಯಿತು. ಒಂದು ನೀಲಿ ತಿಮಿಂಗಿಲವನ್ನು ಒಂದು ಘಟಕವೆಂದೂ ಚಿಕ್ಕ ಜಾತಿಗಳಾದರೆ ಎರಡು, ಎರಡೂವರೆ ಅಥವಾ ಆರು ತಿಮಿಂಗಿಲಗಳಿಗೆ ಒಂದು ಘಟಕವೆಂದೂ ಎಣಿಸಲಾಗುತ್ತಿತ್ತು. ಒಟ್ಟು ಮೊತ್ತಕ್ಕೆ ಮಿತಿಯಿತ್ತು. ಒಬ್ಬೊಬ್ಬ ವ್ಯಾಪಾರಿಗೆ ಇಂತಿಷ್ಟೆಂಬ ಪಾಲಿರಲಿಲ್ಲ. ಮೇರೆ ಮುಟ್ಟುವ ಮೊದಲೇ ತನ್ನ ಪಾಲನ್ನು ಬಾಚಿಕೊಳ್ಳಲು ಪ್ರತಿಯೊಬ್ಬನೂ ಹೆಚ್ಚು ದೊಡ್ಡ, ಹೆಚ್ಚು ವೇಗದ ಹಡಗುಗಳಲ್ಲಿ ಹಣ ಹೂಡಿದ. ಮೇರೆಯೂ ಕಡಲು ತಾಳುವುದಕ್ಕಿಂತ ಹೆಚ್ಚಾಗಿತ್ತು. ಸಂತತಿ ಕುಸಿಯಿತು, ಅದರೊಂದಿಗೆ ಉದ್ಯಮವೂ ಕುಸಿಯಿತು. ತುಕ್ಕು ಹಿಡಿದ ಎಣ್ಣೆಯ ಕೊಪ್ಪರಿಗೆಗಳು ಇಂದು ಪ್ರವಾಸಿಗರಿಗೆ ನೋಡುವ ವಸ್ತುವಾಗಿವೆ.

ಇಂದಿನ ಪ್ರವಾಸ ವ್ಯಾಪಾರದ ಸ್ಥಿತಿ ಅದಕ್ಕೆ ನೇರ ತಿರುವುಮುರುವಾಗಿದೆ. ಈಗ ಪ್ರತಿಯೊಂದು ಹಡಗಿಗೂ ಪ್ರತಿಯೊಂದು ಇಳಿಯುವಿಕೆಗೂ ಮಿತಿಯಿದೆ. ಒಟ್ಟು ಹಡಗುಗಳಿಗೂ ಒಟ್ಟು ಪ್ರಯಾಣಿಕರಿಗೂ ಮಿತಿಯಿಲ್ಲ. 2019-20ರ ಋತುವಿನಲ್ಲಿ ಸುಮಾರು 74 ಸಾವಿರ ಇದ್ದ ಪ್ರವಾಸಿಗರ ಸಂಖ್ಯೆ ಕೋವಿಡ್ ಅವಧಿಯಲ್ಲಿ ನಿಂತು, 2022-23ರಲ್ಲಿ ಒಂದು ಲಕ್ಷವನ್ನು ದಾಟಿತು, 2023-24ರಲ್ಲಿ 1.2 ಲಕ್ಷವನ್ನೂ ಮೀರಿತು. ದಡಕ್ಕಿಳಿಯದೆ ಹಡಗಿನಿಂದಲೇ ನೋಡಿ ಮರಳುವವರೂ ಈ ಲೆಕ್ಕದಲ್ಲಿದ್ದಾರೆ. ಒಂದು ತಾಣದಲ್ಲಿ ಒಂದು ಹೊತ್ತಿಗೆ 100 ಮಂದಿ ಎಂಬ ನಿಯಮವನ್ನು ಎಲ್ಲರೂ ಪ್ರಾಮಾಣಿಕವಾಗಿ ಪಾಲಿಸಿದರೂ, ಬೆಳಗ್ಗೆ ಒಂದು ಹಡಗು, ಮಧ್ಯಾಹ್ನ ಒಂದು, ಸಂಜೆ ಇನ್ನೊಂದು ಬಂದರೆ ಅದೇ ಇಳಿಜಾರನ್ನು ತುಳಿಯುವ ಕಾಲುಗಳ ಸಂಖ್ಯೆ ಹೆಚ್ಚುತ್ತಲೇ ಹೋಗುತ್ತದೆ. ಪರ್ವತಾರೋಹಣದಂಥ ಹೊಸ ಆಕರ್ಷಣೆಗಳಿಗೆ ಇಲ್ಲಿ ಎರಡು ಮುಖಗಳಿವೆ. ಅವು ಪ್ರಯಾಣಿಕರನ್ನು ಪೆಂಗ್ವಿನ್ ನೆಲೆಗಳಿಂದ ಮೇಲಕ್ಕೆ ಕರೆದೊಯ್ದು ದಡದ ಒತ್ತಡವನ್ನು ಕೊಂಚ ತಗ್ಗಿಸುತ್ತವೆ. ಜೊತೆಗೆ, ಮೊದಲು ಯಾರೂ ಹೋಗದ ಕಡೆಗೆ ಹೊಸ ದಾರಿಯನ್ನೂ ತೆರೆಯುತ್ತವೆ.

ತಿಮಿಂಗಿಲದ ವ್ಯಾಪಾರ ಒಟ್ಟು ಮಿತಿಯನ್ನು ಮಾತ್ರ ನಂಬಿ ಕೆಟ್ಟಿತು. ಪ್ರವಾಸದ ವ್ಯಾಪಾರ ಒಬ್ಬೊಬ್ಬರ ಮಿತಿಯನ್ನು ಮಾತ್ರ ನಂಬಿ ನಡೆಯುತ್ತಿದೆ. ಎರಡೂ ಒಟ್ಟಿಗೆ ಇಲ್ಲದಿದ್ದರೆ ಯಾವುದೂ ಬಹುಕಾಲ ನಿಲ್ಲದು.

ಕಾನೂನು ಬರುವ ಮುನ್ನ

ವ್ಯಾಪಾರಿಗಳು ಒಟ್ಟು ಮಿತಿಯನ್ನು ತಾವೇ ಒಪ್ಪಿಕೊಳ್ಳದಿದ್ದಾಗ ಆಗುವುದೇನೆಂಬುದಕ್ಕೆ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಸಮೂಹವೇ ನಿದರ್ಶನ. ಅಲ್ಲಿ ನಾರ್ವೆ ಸರ್ಕಾರದ ಆಡಳಿತವಿದೆ. 2025ರ ಜನವರಿ 1ರಿಂದ ಅಲ್ಲಿಯ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗುಗಳು ಹೋಗುವಂತಿಲ್ಲ, ಆ ಪ್ರದೇಶಗಳಲ್ಲಿ ಇಳಿಯಲು 43 ತಾಣಗಳಿಗೆ ಮಾತ್ರ ಅನುಮತಿಯಿದೆ. ಈ ಕಾನೂನು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಕಾನೂನು ಬರುವಾಗ ದೊಡ್ಡ ಸಂಸ್ಥೆ, ಸಣ್ಣ ಸಂಸ್ಥೆ, ಶಿಸ್ತಿನವನು, ಶಿಸ್ತಿಲ್ಲದವನು ಎಂಬ ಭೇದವಿಲ್ಲದೆ ಬರುತ್ತದೆ. ಎಚ್ಚರಿಕೆಯಿಂದ ನಡೆದುಕೊಂಡವನ ತಾಣವೂ ಅದರಿಂದ ಮುಚ್ಚಿಹೋಗಬಹುದು.

ಈ ವಿಷಯದಲ್ಲಿ ಭಾರತವೂ ಕೇವಲ ಪ್ರೇಕ್ಷಕನಲ್ಲ. 1983ರಲ್ಲಿ ಅಂಟಾರ್ಕ್ಟಿಕ ಒಪ್ಪಂದವನ್ನು ಸೇರಿದ ಭಾರತಕ್ಕೆ ಅದೇ ವರ್ಷ ನಿರ್ಣಯಾಧಿಕಾರವೂ ದೊರೆಯಿತು. ಅಂಟಾರ್ಕ್ಟಿಕದಲ್ಲಿ ಭಾರತೀಯರ ಚಟುವಟಿಕೆಗಳಿಗೆ ಅನುಮತಿಯ ವ್ಯವಸ್ಥೆ ಕಲ್ಪಿಸುವ ಕಾಯ್ದೆಯನ್ನು ಸಂಸತ್ತು 2022ರಲ್ಲಿ ಅಂಗೀಕರಿಸಿತು. ಒಪ್ಪಂದದ ರಾಷ್ಟ್ರಗಳ 46ನೇ ಸಮಾಲೋಚನಾ ಸಭೆ 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ನಡೆದಾಗ, ಪ್ರವಾಸೋದ್ಯಮಕ್ಕೆ ಸಮಗ್ರ ಚೌಕಟ್ಟು ರೂಪಿಸುವ ಚರ್ಚೆಗೆ ಪ್ರತ್ಯೇಕ ಕಾರ್ಯತಂಡವೊಂದು ಕುಳಿತಿತ್ತು. ಒಮ್ಮತದ ದಾರಿ ದೀರ್ಘವಾದುದು. ಆ ಅವಧಿಯಲ್ಲಿ ಸಂಘವು ಒಟ್ಟು ಬೆಳವಣಿಗೆಗೆ ತಾನೇ ಒಂದು ಮೇರೆಯನ್ನು ಮುಂದಿಡುವುದೇ ಅದರ ಹಿತಕ್ಕೂ ಆ ಖಂಡದ ಹಿತಕ್ಕೂ ಒಳ್ಳೆಯದು.

ಹತ್ತಿರದ ಅನುಭವವೂ ಇದನ್ನೇ ಹೇಳುತ್ತದೆ. 2024ರ ಜನವರಿ ಕೊನೆಯಲ್ಲಿ ರಜೆಯ ದಿನಗಳಂದು ಕುಮಾರ ಪರ್ವತದ ಚಾರಣದ ಹಾದಿಯಲ್ಲಿ ಜನಸಂದಣಿ ಮಿತಿಮೀರಿದ ಚಿತ್ರಗಳು ನಾಡಿನಾದ್ಯಂತ ಹರಡಿದವು. ಅದರ ಬೆನ್ನಿಗೇ ಆನ್‌ಲೈನ್ ನೋಂದಣಿಯಿಲ್ಲದ ಚಾರಣ ಮಾರ್ಗಗಳಲ್ಲಿ ಅರಣ್ಯ ಇಲಾಖೆ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಹೀಗೆ ನಿಂತಾಗ ಮೊದಲು ಬರಿದಾಗುವುದು ಹೋಂಸ್ಟೇ ನಡೆಸುವವರ, ಜೀಪು ಓಡಿಸುವವರ, ಬೆಟ್ಟದ ಬುಡದಲ್ಲಿ ಊಟ ತಿಂಡಿ ಮಾರುವವರ ಗಲ್ಲಾಪೆಟ್ಟಿಗೆ. ಇಂತಿಷ್ಟು ಜನರಿಗಷ್ಟೇ ಜಾಗವಿದೆಯೆಂದು ಅವರೇ ಮೊದಲು ಒಟ್ಟಾಗಿ ಹೇಳಿದ್ದರೆ ಆ ಮಾತಿಗೆ ಇಲಾಖೆಯ ಎದುರು ತೂಕವಿರುತ್ತಿತ್ತು.

ವಾಣಿಜ್ಯ ಸಂಘಗಳಿಗೆ ಉಳಿದಿರುವ ಕೆಲಸ

ವಾಣಿಜ್ಯ ಸಂಘಗಳು ಬಹುಮಟ್ಟಿಗೆ ತೆರಿಗೆ, ವಿದ್ಯುತ್ ದರ, ಪರವಾನಗಿ ಮೊದಲಾದ ವಿಷಯಗಳಲ್ಲಿ ಸರ್ಕಾರಕ್ಕೆ ಮನವಿ ಸಲ್ಲಿಸುವುದರಲ್ಲಿ ತೊಡಗಿರುತ್ತವೆ. ಅದು ಅಗತ್ಯವೇ. ಆದರೆ ಸದಸ್ಯರು ತಮ್ಮ ನಡುವೆ ತಾವೇ ಒಪ್ಪಿಕೊಂಡ ನಿಯಮಗಳನ್ನು ಪ್ರಕಟಿಸಿ, ಪಾಲಿಸದವನನ್ನು ಪ್ರಶ್ನಿಸುವ ಸಂಘಕ್ಕೆ ಸರ್ಕಾರದ ಎದುರು ದೊರೆಯುವ ಗೌರವ ಬೇರೆಯದೇ. ಒಂದೇ ಕೆರೆಗೆ ತ್ಯಾಜ್ಯ ಬಿಡುವ ಬಣ್ಣದ ಘಟಕಗಳಿರಲಿ, ಒಂದೇ ಕೊಳವೆಬಾವಿಯ ನೀರನ್ನು ಹಂಚಿಕೊಳ್ಳುವ ಕೈಗಾರಿಕಾ ವಸಾಹತಿರಲಿ, ಒಂದೇ ಬೆಟ್ಟವನ್ನು ನಂಬಿದ ಹೋಂಸ್ಟೇಗಳಿರಲಿ, ಪ್ರತಿಯೊಬ್ಬನೂ ತನ್ನ ಮಿತಿಯೊಳಗೇ ಇದ್ದೇನೆಂದು ಹೇಳಿದರೆ ಲೆಕ್ಕ ಮುಗಿಯುವುದಿಲ್ಲ. ಎಲ್ಲರದೂ ಸೇರಿ ಎಷ್ಟಾಯಿತೆಂಬ ಕೂಡಿಸುವ ಲೆಕ್ಕವನ್ನು ಯಾರಾದರೂ ಮಾಡಲೇಬೇಕು. ಅದನ್ನು ಮಾಡಲು ಸಂಘಕ್ಕಿಂತ ಯೋಗ್ಯವಾದ ವೇದಿಕೆ ಬೇರೆ ಇಲ್ಲ.

ಅಂಟಾರ್ಕ್ಟಿಕದ ಇಳಿಜಾರಿನಲ್ಲಿ ಒಂದೇ ಹಗ್ಗಕ್ಕೆ ಕಟ್ಟಿಕೊಂಡ ಅಪರಿಚಿತರ ಪೈಕಿ ಯಾರೊಬ್ಬನೂ ತನ್ನಿಚ್ಛೆಯ ವೇಗದಲ್ಲಿ ನಡೆಯಲಾರ. ಮುಂದಿರುವವನು ನಿಂತರೆ ಹಿಂದಿರುವವನೂ ನಿಲ್ಲಬೇಕು. ಅದನ್ನು ಕಟ್ಟುಪಾಡೆಂದು ಭಾವಿಸುವವನು ಹಗ್ಗವನ್ನು ಬಿಚ್ಚಿಕೊಳ್ಳಬಹುದು. ಹಿಮದಡಿಯ ಬಿರುಕನ್ನು ಬಲ್ಲವನು ಮಾತ್ರ ಹಾಗೆ ಮಾಡುವುದಿಲ್ಲ. ಒಂದೇ ಸಂಪನ್ಮೂಲವನ್ನು ನಂಬಿ ಬದುಕುವ ವರ್ತಕರು ಮತ್ತು ತಯಾರಕರು ತಮ್ಮ ಕಾಲಡಿಯ ಬಿರುಕನ್ನು ಸಕಾಲದಲ್ಲಿ ಗುರುತಿಸಿ, ತಮ್ಮ ಮೇರೆಯನ್ನು ತಾವೇ ಗೊತ್ತುಪಡಿಸಿಕೊಳ್ಳುವುದು ಎಲ್ಲ ದೃಷ್ಟಿಯಿಂದಲೂ ಶ್ರೇಯಸ್ಕರ.